ಆಜ್ಞೆಯೂ ಶಕ್ತಿಯೂ

ಹದಿನಾರರ ಹರೆಯದ ಹುಡುಗನೊಬ್ಬನು ಗೆಳೆಯರೊಡನೆ ಇರುಳಿನಲ್ಲಿ ತೋಟವೊಂದಕ್ಕೆ ನುಗ್ಗಿ ಬೇರಿಕಾಯಿಗಳನ್ನು ಕದ್ದನು. ಹಸಿವಿರಲಿಲ್ಲ, ಅವಕ್ಕಿಂತ ಒಳ್ಳೆಯ ಹಣ್ಣುಗಳು ಅವನಲ್ಲಿಯೇ ಇದ್ದವು. ಕದ್ದುದನ್ನು ಹಂದಿಗಳಿಗೆ ಎಸೆದುದಾಯಿತು. ಉತ್ತರ ಆಫ್ರಿಕದ ತಾಗಸ್ತೆಯಲ್ಲಿ ಕ್ರಿ.ಶ. 354ರಲ್ಲಿ ಜನಿಸಿದ ಈ ಹುಡುಗನೇ ಮುಂದೆ ಹಿಪ್ಪೊ ನಗರದ ಬಿಷಪ್ಪನಾದ ಸಂತ ಅಗಸ್ಟೀನನು. ನಡುವಯಸ್ಸಿನಲ್ಲಿ ಬರೆದ ಆತ್ಮನಿವೇದನೆಯ ಗ್ರಂಥದಲ್ಲಿ ಅವನು ಈ ಸಣ್ಣ ಕಳವಿನ ವಿಚಾರಣೆಗೆ ಪುಟಗಟ್ಟಲೆ ಮೀಸಲಿಟ್ಟನು. ಕಳವು ತಪ್ಪೆಂದು ಬುದ್ಧಿಗೆ ತಿಳಿದಿತ್ತು. ತಪ್ಪೆಂಬುದೇ ಅದರ ರುಚಿಯಾಗಿತ್ತು. ಹಾಗಾದರೆ ತಿಳಿವಿನಿಂದ ಬಂದ ಲಾಭವೇನು?

ದೇವರು ವಿಧಿಸುವುದನ್ನು ಪಾಲಿಸುವ ಬಲವನ್ನೂ ದೇವರೇ ಕೊಡಬೇಕೆಂದು ಅದೇ ಗ್ರಂಥದಲ್ಲಿ ಅವನು ಪ್ರಾರ್ಥಿಸಿದನು. ರೋಮಿನಲ್ಲಿ ಈ ಮಾತು ಕಿವಿಗೆ ಬಿದ್ದಾಗ ಪೆಲಾಗಿಯಸನು ಸಹಿಸಲಾರದೆ ಹೋದನು. ಬ್ರಿಟನ್ನಿನಿಂದ ಬಂದ ಈ ವಿರಾಗಿಯು ಶ್ರೀಮಂತ ಕ್ರೈಸ್ತರ ಆಲಸ್ಯವನ್ನು ಕಣ್ಣಾರೆ ಕಂಡವನು. ನ್ಯಾಯವಂತನಾದ ದೇವರು ಆಗದ ಕೆಲಸವನ್ನು ಆಜ್ಞಾಪಿಸುವನೇ? ತೀರಿಸಲು ಸಾಧ್ಯವೇ ಇಲ್ಲದ ಸಾಲವನ್ನು ಕೇಳುವ ಧಣಿಯನ್ನು ಯಾರು ತಾನೇ ನ್ಯಾಯವಂತನೆನ್ನುವರು? ವಿವೇಚನೆ, ಸ್ವತಂತ್ರ ಸಂಕಲ್ಪ, ಧರ್ಮಶಾಸನ, ಕ್ರಿಸ್ತನ ಮೇಲ್ಪಂಕ್ತಿ: ಅವನ ಪಾಲಿಗೆ ಕೃಪೆಯೆಂದರೆ ಮುಖ್ಯವಾಗಿ ಇವೇ. ಸುಮಾರು 413ರಲ್ಲಿ ದೆಮೆತ್ರಿಯಾಸಳೆಂಬ ವ್ರತಧಾರಿಣಿ ಕನ್ಯೆಗೆ ಬರೆದ ಪತ್ರದಲ್ಲಿ, ಮನುಷ್ಯ ಸ್ವಭಾವದ ಶಕ್ತಿಯನ್ನು ಮೊದಲು ಅರಿಯಬೇಕೆಂದು ಅವನು ಬೋಧಿಸಿದನು. ತನ್ನಿಂದಾಗದು ಎಂಬ ನೆಪದಲ್ಲಿ ಎಷ್ಟು ದುರಾಚಾರ ಬೆಳೆಯುತ್ತದೆಂದು ಬಲ್ಲವರಿಗೆ ಈ ಬೋಧೆ ಹಿತವೆನಿಸದಿರದು.

ಅಗಸ್ಟೀನನ ಉತ್ತರವನ್ನೂ ಸುಲಭವಾಗಿ ತಳ್ಳಿಹಾಕಲಾಗದು. ಶಾಸನವು ರೋಗವನ್ನು ತೋರಿಸುತ್ತದೆ, ವಾಸಿಮಾಡುವುದಿಲ್ಲ. ಭಯದಿಂದ ಪಾಲಿಸಿದವನು ಒಳಗೆ ನಿಷಿದ್ಧವನ್ನೇ ಬಯಸುತ್ತಿರುತ್ತಾನೆ. ಒಳಿತು ಪ್ರಿಯವಾಗಬೇಕು, ಆ ಪ್ರೀತಿಯನ್ನು ಹುಟ್ಟಿಸುವುದೇ ಕೃಪೆ. ಮನಸ್ಸನ್ನು ಪರೀಕ್ಷಿಸಿಕೊಂಡವರು ಇದನ್ನು ಅಲ್ಲಗಳೆಯಲಾರರು. ಆದರೆ ಇದೇ ತರ್ಕವನ್ನು ಬೆಳೆಸುತ್ತ ಅವನು, ದೀಕ್ಷಾಸ್ನಾನವಿಲ್ಲದೆ ಸತ್ತ ಹಸುಗೂಸಿಗೂ ಆದಿಮಾನವನ ಪಾಪದ ದಂಡನೆ, ಅತಿ ಮೃದುವಾದುದಾದರೂ, ತಪ್ಪದೆಂದನು. ಯಾವ ತಾಯಿಯ ಮುಂದೆ ಈ ಮಾತನ್ನು ಆಡಬಹುದು? ಕೃಪೆಯ ಹೆಸರಿನಲ್ಲಿ ಹೊರಟ ವಾದವು ಇಲ್ಲಿ ಕರುಣೆಯನ್ನೇ ಕಳೆದುಕೊಂಡಿತೆನ್ನಬೇಕು.

415ರಲ್ಲಿ ಪ್ಯಾಲೆಸ್ತೀನಿನ ಧರ್ಮಸಭೆಯೊಂದು ಪೆಲಾಗಿಯಸನನ್ನು ನಿರ್ದೋಷಿಯೆಂದಿತು. 418ರಲ್ಲಿ ಕಾರ್ಥೇಜಿನ ಸಭೆ ಅವನ ಮತವನ್ನು ಖಂಡಿಸಿತು. ಚಕ್ರವರ್ತಿ ಹೊನೋರಿಯಸನು ಗಡೀಪಾರಿನ ಆಜ್ಞೆ ಹೊರಡಿಸಿದನು. ಸಂಕಲ್ಪದ ಚರ್ಚೆಯನ್ನು ರಾಜದಂಡ ಮುಗಿಸಿದ್ದು ಶೋಭೆಯಲ್ಲ.

430ರಲ್ಲಿ ವ್ಯಾಂಡಲರು ಹಿಪ್ಪೊವನ್ನು ಮುತ್ತಿದ್ದಾಗ ಅಗಸ್ಟೀನನು ಹಾಸಿಗೆ ಹಿಡಿದನು. ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ ಗೋಡೆಗೆ ಅಂಟಿಸಿಕೊಂಡು, ಮಲಗಿದ್ದಲ್ಲಿಂದಲೇ ಓದುತ್ತ ಕಣ್ಣೀರು ಸುರಿಸುತ್ತಿದ್ದನೆಂದು ಅವನ ಶಿಷ್ಯ ಪೊಸ್ಸಿಡಿಯಸನು ಬರೆದಿದ್ದಾನೆ. ವೈದ್ಯರೂ ಆಹಾರ ತರುವವರೂ ಬರುವ ವೇಳೆಯ ಹೊರತು ಯಾರೂ ಒಳಗೆ ಬರಕೂಡದೆಂದು ಅವನು ಕೇಳಿಕೊಂಡಿದ್ದನು.