ಕುದುರೆ ಮೇಲೆ ನೂರು ಕಿಲೋ, ಕಾಡಲ್ಲಿ ನೂರು ಮೈಲಿ

ಕ್ಯಾಲಿಫೋರ್ನಿಯಾದ ಆಬರ್ನ್ ಊರು ದಾಟಿ, ಅಮೆರಿಕನ್ ನದಿಯ ಕಣಿವೆ ಮೇಲಿನ 730 ಅಡಿ ಎತ್ತರದ ಸೇತುವೆ ಹಾದು ಹೋದರೆ ಫಾರೆಸ್ಟ್‌ಹಿಲ್ ಸಿಗುತ್ತೆ. ಪೈನ್ ಮರಗಳ ನಡುವಿನ ಪುಟ್ಟ ಊರು. ಬೇಸಿಗೆಯ ಒಂದು ಶನಿವಾರ ಮಾತ್ರ ಇಲ್ಲಿ ಎಲ್ಲಿ ನೋಡಿದರೂ ಕುದುರೆ, ಹುಲ್ಲು, ನೀರಿನ ಬಕೆಟ್ಟು. ಇದು ಟೆವಿಸ್ ಕಪ್ ರೇಸಿನ 68ನೇ ಮೈಲಿ.

ವೆಂಡೆಲ್ ರೋಬಿ ಅನ್ನೋರು 1955ರಲ್ಲಿ ಶುರು ಮಾಡಿದ ರೇಸ್ ಇದು. ಸಿಯೆರಾ ನೆವಾಡಾ ಬೆಟ್ಟಸಾಲು ದಾಟಿ ಆಬರ್ನ್‌ವರೆಗೆ 100 ಮೈಲಿ, 24 ಗಂಟೆಯೊಳಗೆ. ಮೊದಲು ಬಂದರೂ ಕೊನೆಗೆ ಬಂದರೂ ಮುಗಿಸಿದವರಿಗೆಲ್ಲ ಬೆಳ್ಳಿ ಬಕಲ್. ಹೊರಟವರಲ್ಲಿ ಹೆಚ್ಚು ಕಡಿಮೆ ಅರ್ಧ ಮಂದಿ ಮುಗಿಸೋದೇ ಇಲ್ಲ.

ನಾನು ಹೋಗಿದ್ದು ಸಹೋದ್ಯೋಗಿಯೊಬ್ಬನ ಸಹಾಯಕ್ಕೆ, ಬಕೆಟ್ ಹೊರೋ ಕೆಲಸ. ಆರಡಿ ಆಳು. ಜೀನು ಸೇರಿ ನೂರು ಕಿಲೋ. ಅವನ ಅರಬ್ಬಿ ಕುದುರೆ 450 ಕಿಲೋ. ನೋಡಿದ ತಕ್ಷಣ ನನಗೆ ಅನಿಸಿದ್ದು, ಪಾಪ ಕುದುರೆ. (ನಾನೇ 91 ಇದ್ದೀನಿ. ಅಮ್ಮನಿಗೆ ಮಾತ್ರ ಈಗಲೂ ನಾನು ಸೊರಗಿದ ಹಾಗೆ ಕಾಣ್ತೀನಿ.)

ಲೆಕ್ಕ ಹಾಕಿ: 22 ಪರ್ಸೆಂಟ್. 2008ರಲ್ಲಿ ಓಹಾಯೋದಲ್ಲಿ ಎಂಟು ಕುದುರೆಗಳ ಮೇಲೆ ಅವುಗಳ ತೂಕದ 15ರಿಂದ 30 ಪರ್ಸೆಂಟ್ ಭಾರ ಹೊರಿಸಿ ನೋಡಿದ್ದರು. 25 ಮುಟ್ಟಿದಾಗಲೇ ಎದೆಬಡಿತ ಏರಿತು, ಸ್ನಾಯು ನೋವು ಹೆಚ್ಚಿತು. 20ರೊಳಗೆ ಇರಲಿ ಅನ್ನೋ ಮಾತಿಗೆ ಅದೇ ಬಲ. ಆದರೆ 1990ರ ದಶಕದಲ್ಲಿ ಇದೇ ಟೆವಿಸ್‌ನಲ್ಲಿ ಸವಾರರನ್ನೂ ಕುದುರೆಗಳನ್ನೂ ತೂಗಿ ನೋಡಿದಾಗ, ರೇಸ್ ಮುಗಿಯುತ್ತೋ ಇಲ್ಲವೋ ಅನ್ನೋದನ್ನ ಸವಾರನ ತೂಕ ತೀರ್ಮಾನಿಸಲಿಲ್ಲ. ತೀರ್ಮಾನಿಸಿದ್ದು ಕುದುರೆಯ ಮೈಕಟ್ಟು. ಪಕ್ಕೆಲುಬು ಕಾಣೋಷ್ಟು ಬಡಕಲಾದ ಕುದುರೆಗಳೇ ಹೆಚ್ಚಾಗಿ ಅರ್ಧದಲ್ಲಿ ನಿಂತವು.

ಹಾಗಂತ ನನ್ನಂಥವನು ನಾಳೆ ಹತ್ತಿ ಕೂರಬಹುದು ಅಂತಲ್ಲ. ಆ ಲೆಕ್ಕದಲ್ಲಿರೋರೆಲ್ಲ ಪಳಗಿದವರು. ಜೀನಿನ ಮೇಲೆ ಮೂಟೆ ಥರ ಕುಲುಕಾಡೋ ಹೊಸಬನ 70 ಕಿಲೋ, ಸಮತೋಲ ತಪ್ಪದ ನೂರು ಕಿಲೋಗಿಂತ ಕುದುರೆ ಬೆನ್ನಿಗೆ ಭಾರ ಅಂತ ನನ್ನ ಅಂದಾಜು. ಅಮೆರಿಕದ ನಿಯಮದಲ್ಲೂ ಇದಕ್ಕೆ ಜಾಗ ಇದೆ: ಜೀನು ಸೇರಿ 211 ಪೌಂಡ್, ಅಂದರೆ ಸುಮಾರು 96 ಕಿಲೋ ದಾಟಿದರೆ ಹೆವಿವೇಟ್ ಅನ್ನೋ ಬೇರೆ ವರ್ಗ.

ಜಾಣ ಸವಾರರು ಇನ್ನೊಂದು ಕೆಲಸ ಮಾಡ್ತಾರೆ, ಇಳಿದು ಓಡ್ತಾರೆ. ಇಳಿಜಾರಲ್ಲಿ ಪಕ್ಕದಲ್ಲೇ ಓಟ, ಏರಲ್ಲಿ ಕುದುರೆಯ ಬಾಲ ಹಿಡಿದು ಹಿಂದೆ ನಡಿಗೆ. ಗಾರ್ಡಿ ಐನ್ಸ್‌ಲೀ ಅನ್ನೋ ದೊಡ್ಡ ಮೈಕಟ್ಟಿನ ಸವಾರ 1974ರಲ್ಲಿ ಕುದುರೆಯನ್ನೇ ಬಿಟ್ಟು ಇಡೀ ನೂರು ಮೈಲಿ ಕಾಲಲ್ಲೇ ಓಡಿ 24 ಗಂಟೆಯೊಳಗೆ ಮುಗಿಸಿದ. ವೆಸ್ಟರ್ನ್ ಸ್ಟೇಟ್ಸ್ ಅನ್ನೋ ಹೆಸರಾಂತ ಓಟ ಹುಟ್ಟಿದ್ದೇ ಹಾಗೆ.

ನಮ್ಮವನು ಫಾರೆಸ್ಟ್‌ಹಿಲ್‌ಗೆ ಬಂದಾಗ ಕತ್ತಲಾಗಿತ್ತು. ಜೀನು ಇಳಿಸಿ, ಕುತ್ತಿಗೆ ಮೇಲೆ ಸ್ಪಂಜಿನಿಂದ ನೀರು ಹಾಕಿದ್ವಿ. ಪಶುವೈದ್ಯೆ ನಾಡಿ ನೋಡಿದರು, ತುಟಿ ಎತ್ತಿ ವಸಡು ಒತ್ತಿದರು, ಭುಜದ ಚರ್ಮ ಚಿವುಟಿದರು, ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟರು. ಹೊಟ್ಟೆಯ ಒಂದು ಕಡೆ ಸದ್ದು ಕಮ್ಮಿ, ತಿನ್ನಿಸಿ ಮತ್ತೆ ಕರೆತನ್ನಿ ಅಂದರು. ಒಂದು ವರ್ಷದ ತಯಾರಿ ಒಂದು ಹುಲ್ಲಿನ ಕಂತೆ ಮೇಲೆ ನಿಂತಿತ್ತು. ಅವನು ತಾನು ಒಂದು ತುತ್ತೂ ತಿನ್ನದೆ ಕುದುರೆ ಮುಂದೆ ಕೂತಿದ್ದ. ಕೊನೆಗೆ ಅದು ತಿಂತು. ಮರುಪರೀಕ್ಷೆಯಲ್ಲಿ ಪಾಸು.

ಬೆಳಗಿನ ಜಾವ 4:40ಕ್ಕೆ ಆಬರ್ನ್ ತಲುಪಿದರು, ಗಡುವು 5:15. ಅಲ್ಲೂ ಕೊನೇ ಪರೀಕ್ಷೆ ಇದೆ, ಕುದುರೆಯನ್ನು ಓಡಿಸಿ ತೋರಿಸಬೇಕು. ಹಗ್ಗ ಹಿಡಿದು ಜೊತೆಗೆ ಓಡಿದ. ಇಬ್ಬರಲ್ಲಿ ಕುಂಟುತ್ತಿದ್ದವನು ಅವನೇ, ಕುದುರೆಯಲ್ಲ.