ಅಂಗಳದ ಪಾಚಿ: ಯಂತ್ರದವರನ್ನು ಕರೆಯೋದೇ, ನಾವೇ ತೊಳೆಯೋದೇ?

ನವರಾತ್ರಿ ಹತ್ತಿರ ಬಂತೆಂದರೆ ನಮ್ಮ ಮಲೆನಾಡಿನ, ಕರಾವಳಿಯ ಗೃಹಿಣಿಯರಿಗೆ ಒಂದು ದೊಡ್ಡ ಚಿಂತೆ. ಅಡಿಗೆಯದಲ್ಲ, ಸೀರೆಯದೂ ಅಲ್ಲ, ಅಂಗಳದ್ದು! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದ ಮಳೆ ಹೋಗುವಾಗ ಸುಮ್ಮನೆ ಹೋಗುವುದಿಲ್ಲ. ಅಂಗಳಕ್ಕೊಂದು, ಬಚ್ಚಲ ಹಿಂದಿನ ಕಟ್ಟೆಗೊಂದು, ತಾರಸಿಗೊಂದು, ಕಾಂಪೌಂಡ್ ಗೋಡೆಗೊಂದು ಎಂದು ಪಾಚಿಯ ಜಮಖಾನೆ ಹಾಸಿಯೇ ಹೋಗುತ್ತದೆ. ಬಯಲುಸೀಮೆಯ ಸೋದರಿಯರು ನಗಬೇಡಿ. ನಿಮ್ಮ ಮನೆಯ ಬಟ್ಟೆ ಒಗೆಯುವ ಕಲ್ಲಿನ ಸುತ್ತ, ನೀರಿನ ಟ್ಯಾಂಕು ಸೋರುವ ಜಾಗದಲ್ಲಿ ಒಮ್ಮೆ ನೋಡಿ ಬನ್ನಿ, ಆಮೇಲೆ ಮಾತಾಡೋಣ.

ನಮ್ಮ ಅಜ್ಜಿಯರ ಕಾಲದಲ್ಲಿ ಮಣ್ಣಿನ ಅಂಗಳ. ಮಳೆಗಾಲದಲ್ಲಿ ಜಾರದಂತೆ ಓಡಾಡಲು ಅಡಿಕೆ ದಬ್ಬೆ ಹಾಕುತ್ತಿದ್ದರು, ಸೋಗೆ ಹಾಸುತ್ತಿದ್ದರು. ಮಳೆ ಮುಗಿದ ಮೇಲೆ ಮೇಲಿನ ಪದರವನ್ನೇ ಕೆತ್ತಿ ತೆಗೆದು, ಬಡಿದು ಗಟ್ಟಿ ಮಾಡಿ, ಸಗಣಿ ಸಾರಿಸಿದರೆ ಆಯಿತು, ಹೊಸ ಅಂಗಳ. ಈಗ ನಮಗೆಲ್ಲ ಸಿಮೆಂಟು, ಇಂಟರ್‌ಲಾಕ್ ಬೇಕು. ಅದನ್ನು ಕೆತ್ತುವಂತಿಲ್ಲ, ಉಜ್ಜಲೇಬೇಕು. ಉಜ್ಜುವವರು ಯಾರು ಅಂತ ನಾನು ಹೇಳಬೇಕಾಗಿಲ್ಲವಷ್ಟೆ.

ಪಾಚಿ ಬರೀ ಅಂದಗೇಡಿನ ವಿಷಯವಾಗಿದ್ದರೆ ಈ ಲೇಖನವೇ ಬೇಡವಾಗಿತ್ತು. ಮೂರು ವರ್ಷದ ಹಿಂದೆ ನಮ್ಮ ಅತ್ತೆ ತುಳಸಿಕಟ್ಟೆಗೆ ನೀರು ಹಾಕಲು ಹೋದವರು ಜಾರಿ ಕೂತುಬಿಟ್ಟರು. ಬಿದ್ದದ್ದು ಅಷ್ಟೇ, ಆದರೆ ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ನಾಲ್ಕು ತಿಂಗಳು ವಾಕರ್ ಹಿಡಿದು ನಡೆದರು. ವಯಸ್ಸಾದವರಿಗೆ, ಅದರಲ್ಲೂ ಮುಟ್ಟು ನಿಂತ ಮೇಲೆ ಮೂಳೆ ಸವೆದ ನಮ್ಮಂಥ ಹೆಂಗಸರಿಗೆ, ಒಂದು ಜಾರು ಎಂದರೆ ಒಂದು ವರ್ಷದ ಬದುಕು. ಹಾಗಾಗಿ ಅಂಗಳ ತೊಳೆಯುವುದು ಹಬ್ಬದ ಶೋಕಿಯಲ್ಲ, ಮನೆಯವರ ಕೈಕಾಲು ಕಾಯುವ ಕೆಲಸ.

ಈಗ ಈ ಕೆಲಸಕ್ಕೆ ಒತ್ತಡದ ನೀರಿನ ಯಂತ್ರ ಬಂದಿದೆ. ಪ್ರೆಶರ್ ವಾಷರ್ ಅನ್ನುತ್ತಾರೆ. ಹಿಂದೆ ವಾಹನ ತೊಳೆಯುವ ಕಡೆ ಮಾತ್ರ ನೋಡುತ್ತಿದ್ದೆವು. ಜರ್ಮನಿಯ ಕೆರ್ಶರ್ ಕಂಪನಿ 1950ರಲ್ಲಿ ಬಿಸಿನೀರಿನ ದೊಡ್ಡ ಯಂತ್ರವನ್ನೂ, 1984ರಲ್ಲಿ ಮನೆಯಲ್ಲಿ ಬಳಸುವ ಪುಟ್ಟ ಯಂತ್ರವನ್ನೂ ಮಾಡಿತು. ಇವತ್ತು ನಮ್ಮ ತಾಲ್ಲೂಕು ಊರುಗಳ ಹಾರ್ಡ್‌ವೇರ್ ಅಂಗಡಿಗಳಲ್ಲೂ ಹಲವು ಕಂಪನಿಗಳ ಯಂತ್ರ ಸಿಗುತ್ತದೆ.

ಇದರ ಗುಟ್ಟು ಸರಳ. ಹತ್ತು ಮೀಟರ್ ಎತ್ತರದಲ್ಲಿರುವ ಟ್ಯಾಂಕಿನಿಂದ ಇಳಿದ ನೀರಿಗೆ ಸುಮಾರು ಒಂದು ಬಾರ್ ಒತ್ತಡ ಇರುತ್ತದೆ. ಮನೆಬಳಕೆಯ ಯಂತ್ರ ಅದೇ ನೀರನ್ನು 100ರಿಂದ 130 ಬಾರ್ ಒತ್ತಡಕ್ಕೆ ಏರಿಸಿ ಸಣ್ಣ ತೂತಿನಿಂದ ಬಿಡುತ್ತದೆ. ನೀರು ಮಾತ್ರ ನಿಮಿಷಕ್ಕೆ ಐದಾರು ಲೀಟರ್ ಅಷ್ಟೇ ಖರ್ಚು. ಗಂಟೆಗೆ 360 ಲೀಟರ್ ಅಂತ ಲೆಕ್ಕ ಹಾಕಿದರೂ, ಪೈಪು ಬಿಟ್ಟುಕೊಂಡು ಪೊರಕೆಯಲ್ಲಿ ತಿಕ್ಕುತ್ತಾ ನಿಲ್ಲುವುದಕ್ಕಿಂತ ಉಳಿತಾಯವೇ.

ಸರಿ, ಯಂತ್ರದವರನ್ನು ಕರೆಸೋದೋ ನಾವೇ ಮಾಡೋದೋ? ಮೊದಲ ಸಲ ನಾವು ವಿಚಾರಿಸಿದಾಗ ಅಂಗಳ, ತಾರಸಿ, ಕಾಂಪೌಂಡ್ ಗೋಡೆ ಎಲ್ಲಾ ಸೇರಿ 3,500 ರೂಪಾಯಿ ಅಂದರು. ನಮ್ಮವರು ಕನ್ನಡಕ ಹಣೆಗೇರಿಸಿ, “ಅಷ್ಟು ದುಡ್ಡು ನೀರಲ್ಲಿ ಹೋಮ ಮಾಡಬೇಕಾ? ದಿನಾ ಒಂಚೂರು ಉಜ್ಜಿದರೆ ಖರ್ಚಿಲ್ಲದೆ ಆಗತ್ತಲ್ಲ” ಅಂದರು.

ಈ “ಖರ್ಚಿಲ್ಲದೆ” ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ನಾನು ಜಗಳ ಆಡಲಿಲ್ಲ. ಲೆಕ್ಕದ ಪುಸ್ತಕ ತಂದು ಎದುರಿಗಿಟ್ಟೆ. “ಅಂಗಳ ಒಂದನ್ನೇ ಉಜ್ಜಲು ನನಗೆ ಐದು ಬೆಳಿಗ್ಗೆ ಬೇಕು. ತೋಟದ ಕೆಲಸಕ್ಕೆ ಬರುವ ಹೆಂಗಸಿಗೆ ನೀವು ದಿನಕ್ಕೆ 450 ರೂಪಾಯಿ ಕೊಡುತ್ತೀರಿ. ನನ್ನದು ಅರ್ಧ ದಿನದ ಲೆಕ್ಕ ಹಿಡಿದರೂ 1,125 ಆಯಿತು. ಪೊರಕೆ, ಬ್ರಷ್ಷು, ಬ್ಲೀಚಿಂಗ್ ಪೌಡರಿಗೆ 200. ಸೊಂಟಕ್ಕೆ ಹಚ್ಚುವ ಎಣ್ಣೆ ಬೇರೆ. ಬರೆಯಿರಿ” ಅಂದೆ. ಬರೆದರು! ಬರೆದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ತಾರಸಿ, ಗೋಡೆ ಇನ್ನೂ ಬಾಕಿ ಅಲ್ವಾ?” ಎಂದು ತಾವೇ ಕೇಳಿದರು.

ನೋಡಿ, ಯಾವ ಕೆಲಸಕ್ಕೆ ಆಳು ಬೇಕು, ಯಾವುದಕ್ಕೆ ಬೇಡ ಎಂದು ತೀರ್ಮಾನಿಸುವ ಮೊದಲು ಗೃಹಿಣಿಯ ಹೊತ್ತಿಗೂ ಒಂದು ಬೆಲೆ ಕಟ್ಟಿ. ಆ ಬೆಲೆ ಸೊನ್ನೆ ಎಂದು ಹಿಡಿದರೆ ಯಾವತ್ತೂ “ನಾವೇ ಮಾಡೋಣ” ಅನ್ನುವುದೇ ಅಗ್ಗವಾಗಿ ಕಾಣುತ್ತದೆ.

ಆ ವರ್ಷ ಯಂತ್ರದವರನ್ನೇ ಕರೆಸಿದೆವು. ಇಬ್ಬರು ಹುಡುಗರು ಬಂದು ಮಧ್ಯಾಹ್ನದೊಳಗೆ ಎಲ್ಲಾ ಮುಗಿಸಿದರು. ಕಾಫಿ ಕೊಡುವ ನೆಪದಲ್ಲಿ ನಿಂತು ಅವರ ಕೆಲಸ ನೋಡಿದೆ. ಮರುವರ್ಷ ಯಂತ್ರವನ್ನು ದಿನಕ್ಕೆ 600 ರೂಪಾಯಿ ಬಾಡಿಗೆಗೆ ತಂದು ಅಂಗಳ, ಬಚ್ಚಲ ಕಟ್ಟೆ ನಾವೇ ತೊಳೆದೆವು. ನನ್ನ ಅರ್ಧ ದಿನ, ನಮ್ಮವರ ಅರ್ಧ ದಿನ ಸೇರಿಸಿದರೂ 1,050 ರೂಪಾಯಿಯೊಳಗೆ ಮುಗಿಯಿತು. ಕೊಂಡುಕೊಳ್ಳುವುದಾದರೆ ಎಂಟು ಸಾವಿರದ ಆಸುಪಾಸು ಬೇಕು. ವರ್ಷಕ್ಕೆ ಎರಡು ದಿನ ಬಳಸುವ ಮನೆಗೆ ಅಷ್ಟು ಹಣ ಹಾಕುವುದಕ್ಕಿಂತ ಬಾಡಿಗೆ ವಾಸಿ. ಇಲ್ಲವೇ ನಾಲ್ಕು ಮನೆಯವರು ಸೇರಿ ಕೊಳ್ಳಿ. ಚೀಟಿ ಹಾಕಲು ಗೊತ್ತಿರುವ ನಮಗೆ ಇದೇನು ಕಷ್ಟ?

ನೀವೇ ಮಾಡುವುದಾದರೆ ಕೆಲವು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ಈ ನೀರಿನ ಧಾರೆ ಆಟದ ಪಿಚಕಾರಿ ಅಲ್ಲ. ಹತ್ತಿರದಿಂದ ಚರ್ಮಕ್ಕೆ ತಗುಲಿದರೆ ಸೂಜಿಯಂತೆ ಒಳಗೆ ನುಗ್ಗುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ ಕಂಡರೂ ಒಳಗೆ ಮಾಂಸ ಕೆಟ್ಟಿರಬಹುದು. ಅರಿಸಿನ ಮೆತ್ತಿ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆದ್ದರಿಂದ ಹವಾಯಿ ಚಪ್ಪಲಿ ಬೇಡ, ಮುಚ್ಚಿದ ಶೂ ಇರಲಿ. ಕಣ್ಣಿಗೆ ಕನ್ನಡಕ ಇರಲಿ. ಸೀರೆಯ ಸೆರಗು ಬಿಗಿಯಾಗಿ ಕಟ್ಟಿ. ಮಕ್ಕಳನ್ನೂ ನಾಯಿಯನ್ನೂ ಒಳಗೆ ಕೂಡಿಹಾಕಿ. ಕಾಲು ತೊಳೆದುಕೊಳ್ಳಲು ಅದನ್ನು ಕಾಲಿಗೆ ಹಿಡಿಯುವ ಯೋಚನೆಯನ್ನಂತೂ ಮಾಡಲೇಬೇಡಿ.

ಎರಡನೆಯದು ಕರೆಂಟು. ನೀರು, ಕರೆಂಟು ಒಂದೇ ಅಂಗಳದಲ್ಲಿ ಇರುವ ಕೆಲಸ ಇದು. ಅರ್ತಿಂಗ್ ಸರಿ ಇರುವ ಮೂರು ಪಿನ್ನಿನ ದೊಡ್ಡ ಪ್ಲಗ್ಗಿಗೇ ಹಾಕಿ. ಮನೆಯಲ್ಲಿ ಸೋರಿಕೆಯಾದರೆ ತಾನೇ ಆರುವ 30 ಮಿಲಿ ಆಂಪಿಯರಿನ ಸ್ವಿಚ್ಚು ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಲ್ಲಿ ಕೇಳಿ, ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ವೈರು ಜೋಡಿಸಿದ ಕಡೆ ನೆಲಕ್ಕೆ ತಾಗಬಾರದು, ಒದ್ದೆ ಕೈಯಲ್ಲಿ ಮುಟ್ಟಬಾರದು. ನೀರು ಮೊದಲು, ಸ್ವಿಚ್ಚು ಆಮೇಲೆ. ನೀರಿಲ್ಲದೆ ಓಡಿಸಿದರೆ ಪಂಪು ಸುಡುತ್ತದೆ. ಆರಿಸಿದ ಮೇಲೆ ಗನ್ನನ್ನು ಒಮ್ಮೆ ಒತ್ತಿ ಉಳಿದ ಒತ್ತಡ ಹೊರಗೆ ಬಿಡಿ.

ಇನ್ನು ಕೈಚಳಕ. ಗನ್ನಿನ ಬಾಯಿಗೆ ಬೀಸಣಿಗೆಯಂತೆ ನೀರು ಹರಡುವ ನಳಿಕೆ ಹಾಕಿ, ಒಂದಡಿ ದೂರದಿಂದ ಓರೆಯಾಗಿ ಹಿಡಿದು, ನೀರು ಹರಿದುಹೋಗುವ ದಿಕ್ಕಿಗೇ ತಳ್ಳುತ್ತಾ ಹೋಗಿ. ಸೂಜಿಧಾರೆ ಹಳೆಯ ಸಿಮೆಂಟನ್ನೂ ಕಿತ್ತುಹಾಕುತ್ತದೆ. ಇಂಟರ್‌ಲಾಕ್ ಸಂದಿನ ಮರಳು ಎದ್ದುಹೋಗಿದ್ದರೆ ಒಣಗಿದ ಮೇಲೆ ಹೊಸ ಮರಳು ಗುಡಿಸಿ ತುಂಬಿ. ಒಳಮನೆಯ ಕಾವಿ ನೆಲಕ್ಕೂ, ಬಣ್ಣ ಬಳಿದ ಮರದ ಬಾಗಿಲಿಗೂ ಇದನ್ನು ತರಲೇಬೇಡಿ. ಅವಕ್ಕೆ ಒದ್ದೆ ಬಟ್ಟೆಯೇ ಸಾಕು.

ಹಾಗಾದರೆ ಯಂತ್ರದವರು ಯಾವುದಕ್ಕೆ ಬೇಕು? ಎತ್ತರಕ್ಕೆ. ಏಣಿಯ ಮೇಲೆ ನಿಂತು ಗನ್ನು ಒತ್ತಿದರೆ ಅದು ನಮ್ಮನ್ನೇ ಹಿಂದಕ್ಕೆ ತಳ್ಳುತ್ತದೆ. ಎತ್ತರದ ಗೋಡೆ, ತಾರಸಿಯ ಅಂಚು, ಹೆಂಚಿನ ಮಾಡು ಇವು ಯಾವುವೂ ಗೃಹಿಣಿಗೂ ಬೇಡ, ಉತ್ಸಾಹದ ಗಂಡಂದಿರಿಗೂ ಬೇಡ. ಅದರಲ್ಲೂ ಹಳೆಯ ಮಂಗಳೂರು ಹೆಂಚಿನ ವಿಷಯದಲ್ಲಿ ಎಚ್ಚರ ಇರಲಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಈ ಹೆಂಚು ನಮ್ಮ ಮನೆಗಳ ನೆತ್ತಿ ಏರಿತು. ಅದು ಮೇಲಿನಿಂದ ಇಳಿಯುವ ಮಳೆಗೆ ಮಾಡಿದ್ದು. ಕೆಳಗಿನಿಂದ ಮೇಲಕ್ಕೆ ಧಾರೆ ಹಿಡಿದರೆ ನೀರು ಹೆಂಚಿನ ಅಡಿಗೆ ನುಗ್ಗಿ ರೀಪು, ಪಕಾಸಿ ನೆನೆಯುತ್ತವೆ. ನೆತ್ತಿಯ ಗಾರೆ ಸಡಿಲವಾಗುತ್ತದೆ. ಮುಂದಿನ ಮಳೆಗೆ ಒಳಗೆಲ್ಲ ಪಾತ್ರೆ ಇಡುವ ಕೆಲಸ ನಮಗೇ ಬರುತ್ತದೆ.

ಕರೆಸುವ ಮೊದಲು ಕೇಳಬೇಕಾದ್ದನ್ನು ಕೇಳಿಬಿಡಿ. ಒಟ್ಟು ಎಷ್ಟು, ಚದರಡಿ ಲೆಕ್ಕವೋ ದಿನದ ಲೆಕ್ಕವೋ? ನೀರು, ಕರೆಂಟು ಯಾರದ್ದು? ಹೆಂಚು ಒಡೆದರೆ ಯಾರು ಹಾಕಿಸುತ್ತಾರೆ? ಆ್ಯಸಿಡ್ ಸುರಿಯುತ್ತಾರೆಯೇ? ಸುರಿಯುವುದಾದರೆ ಬೇಡವೆನ್ನಿ, ಅದು ಸಿಮೆಂಟನ್ನೇ ತಿನ್ನುತ್ತದೆ. ಕೊನೆಯದಾಗಿ, ಮೇಲೆ ಹತ್ತುವ ಹುಡುಗನಿಗೆ ಕಟ್ಟಿಕೊಳ್ಳಲು ಹಗ್ಗ, ಬೆಲ್ಟು ಉಂಟೋ? ದುಡ್ಡು ಕೊಟ್ಟ ಮಾತ್ರಕ್ಕೆ ಅಪಾಯ ಮಾಯವಾಗುವುದಿಲ್ಲ. ನಮ್ಮ ಕಾಲಿನಿಂದ ಇನ್ನೊಬ್ಬ ತಾಯಿಯ ಮಗನ ಕಾಲಿಗೆ ಹೋಗುತ್ತದೆ, ಅಷ್ಟೇ. ಹಗ್ಗವಿಲ್ಲದಿದ್ದರೆ ಒದ್ದೆ ಮಾಡಿನ ಮೇಲೆ ಹತ್ತಲು ನಾನು ಬಿಡುವುದಿಲ್ಲ. ಕಪ್ಪಗಿದ್ದರೆ ಇರಲಿ ಮಾಡು, ಅದರ ಮೇಲೆ ಯಾರೂ ನಡೆಯುವುದಿಲ್ಲವಲ್ಲ!

ತೊಳೆಸಿ ಆದ ಮೇಲೆ ಪಾಚಿ ಬೇಗ ಬಾರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ನೆರಳು ಮತ್ತು ತೇವ, ಇವೆರಡೇ ಅದರ ತವರು. ಅಂಗಳದ ಮೇಲೆ ಬಾಗಿದ ಕೊಂಬೆ ಸವರಿ ಬಿಸಿಲು ಬೀಳುವಂತೆ ಮಾಡಿ. ಮಾಡಿನ ನೀರು ನಡುವಂಗಳಕ್ಕೆ ಸುರಿಯದಂತೆ ದೋಣಿ ಹಾಕಿಸಿ. ಮಳೆಗಾಲದಲ್ಲಿ ಹೊಳವಾದ ದಿನ, ಓಡಾಡುವ ದಾರಿಗಷ್ಟೇ, ಹತ್ತು ಲೀಟರಿನ ಬಕೆಟಿಗೆ 100 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ಚೆಲ್ಲಿ, ಕಾಲು ಗಂಟೆ ಬಿಟ್ಟು ಕಡ್ಡಿ ಪೊರಕೆಯಲ್ಲಿ ತಿಕ್ಕಿ ತೊಳೆಯಿರಿ. ಕೈಗೆ ಗ್ಲೌಸು ಇರಲಿ. ತುಳಸಿ, ಹೂಗಿಡ, ಬಾವಿಯ ಕಡೆಗೆ ಆ ನೀರು ಹೋಗಬಾರದು. ಬ್ಲೀಚಿಂಗ್ ಪೌಡರಿನ ಜೊತೆ ಕಕ್ಕಸು ತೊಳೆಯುವ ಆ್ಯಸಿಡ್ ಯಾವ ಕಾರಣಕ್ಕೂ ಬೆರೆಸಬೇಡಿ. ಅದರಿಂದ ಏಳುವ ಕ್ಲೋರಿನ್ ಹೊಗೆ ಉಸಿರನ್ನೇ ಕಟ್ಟಿಸುತ್ತದೆ.

ಒಟ್ಟಿನಲ್ಲಿ ನಾನು ಹಾಕಿಕೊಂಡ ನಿಯಮ ಇಷ್ಟೇ: ಎರಡೂ ಕಾಲು ನೆಲದ ಮೇಲೆ ಊರಿ ಮಾಡುವ ಕೆಲಸ ನಮ್ಮದು, ನೆಲ ಬಿಟ್ಟು ಮೇಲೇರುವ ಕೆಲಸ ಹಗ್ಗ, ಬೆಲ್ಟು ಇರುವ ಕಸುಬಿನವರದು. ನಮ್ಮದು ಎಂದಾಗಲೂ ಅದು “ನಮ್ಮದು” ಆಗಿರಲಿ, ನಿಮ್ಮೊಬ್ಬರದೇ ಆಗದಿರಲಿ. ಪೈಪು ಎಳೆಯಲು, ಕಸ ಬಾಚಲು, ಸ್ವಿಚ್ಚಿನ ಹತ್ತಿರ ನಿಲ್ಲಲು ಮನೆಯಲ್ಲಿ ಕೈಗಳು ಬೇಕಾದಷ್ಟಿವೆ. ಕರೆಯಿರಿ, ಬರುತ್ತಾರೆ. ಬಾರದಿದ್ದರೆ ಲೆಕ್ಕದ ಪುಸ್ತಕ ಇದ್ದೇ ಇದೆಯಲ್ಲ!