ಖಾಲಿ ಗ್ಯಾಲರಿಯ ಶನಿವಾರಗಳು

ಅಮೆರಿಕದ ಅಯೋವಾ ಸಿಟಿಗೆ ಬಂದ ಹೊಸದರಲ್ಲಿ ಊರಿನವರು ನನಗೆ ಕೊಟ್ಟ ಮೊದಲ ಸಲಹೆಯೆಂದರೆ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಶನಿವಾರ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ ಎಂಬುದು. ಊರಿನ ಜನಸಂಖ್ಯೆ ಸುಮಾರು 75 ಸಾವಿರ. ಅಯೋವಾ ವಿಶ್ವವಿದ್ಯಾಲಯದ ಕಿನ್ನಿಕ್ ಕ್ರೀಡಾಂಗಣದಲ್ಲಿ ಕೂರುವವರು ಸುಮಾರು 70 ಸಾವಿರ. ಫುಟ್‌ಬಾಲ್ ಪಂದ್ಯ ಇಲ್ಲೇ ನಡೆಯುವ ಶನಿವಾರ ಊರು ಎರಡರಷ್ಟಾಗುತ್ತದೆ. ಜೋಳದ ಹೊಲಗಳ ನಡುವಿನ ಸಣ್ಣ ಊರುಗಳಿಂದ ಮೂರು ತಲೆಮಾರಿನವರು ಒಂದೇ ಗಾಡಿಯಲ್ಲಿ, ಕಪ್ಪು-ಹಳದಿ ಬಟ್ಟೆ ತೊಟ್ಟು ಬೆಳಗಿನ ಜಾವಕ್ಕೇ ಬಂದಿಳಿಯುತ್ತಾರೆ. ಕಾರು ನಿಲ್ಲಿಸಿದಲ್ಲೇ ಒಲೆ ಹೊತ್ತಿಸುತ್ತಾರೆ. ಗುರುತಿಲ್ಲದವರಿಗೂ ತಟ್ಟೆ ಚಾಚುತ್ತಾರೆ. ಅಮೆರಿಕನ್ ಫುಟ್‌ಬಾಲಿನ ನಿಯಮಗಳು ನನಗೆ ತಲೆಗೆ ಹತ್ತಲು ಬಹಳ ಕಾಲ ಬೇಕಾಯಿತು. ಆದರೆ ಆ ಜನ ಅಲ್ಲಿಗೆ ಏಕೆ ಬರುತ್ತಾರೆ ಎಂಬುದು ಮೊದಲ ದಿನವೇ ತಿಳಿಯಿತು. ತೇರಿನ ದಿನ ಹಗ್ಗಕ್ಕೆ ಕೈ ಹಚ್ಚದೆ ಮನೆಯಲ್ಲಿ ಕೂರಲಾರದ ಜನರನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ.

ಕ್ರೀಡಾಂಗಣದ ಪಕ್ಕದಲ್ಲೇ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆ ಇದೆ. ಮೇಲಿನ ಮಹಡಿಗಳ ಗಾಜಿನಿಂದ ಮೈದಾನ ಪೂರ್ತಿ ಕಾಣುತ್ತದೆ. 2017ರಿಂದ ಇಲ್ಲೊಂದು ಪದ್ಧತಿ ಬೆಳೆದಿದೆ. ಆಟದ ಮೊದಲ ಕಾಲುಭಾಗ ಮುಗಿದ ಕೂಡಲೇ ಎಲ್ಲರೂ ಎದ್ದು, ಮೈದಾನಕ್ಕೆ ಬೆನ್ನು ಮಾಡಿಯಾದರೂ ಸರಿ, ಆಸ್ಪತ್ರೆಯ ಕಡೆ ತಿರುಗಿ ಕಿಟಕಿಗಳಲ್ಲಿ ನಿಂತ ಮಕ್ಕಳಿಗೆ ಕೈ ಬೀಸುತ್ತಾರೆ. ಎದುರಾಳಿ ತಂಡದವರೂ ಬೀಸುತ್ತಾರೆ. ಇದು ಹುಟ್ಟಿದ್ದು ಒಬ್ಬ ಅಭಿಮಾನಿಯ ಸಲಹೆಯಿಂದ, ಯಾವ ಕಂಪನಿಯ ಪ್ರಚಾರದಿಂದಲೂ ಅಲ್ಲ. ಅಭಿಮಾನಿ ಎಂದರೆ ಟಿಕೆಟ್ ಕೊಳ್ಳುವ ಗಿರಾಕಿ ಎಂದಷ್ಟೇ ಲೆಕ್ಕ ಹಾಕುವವರಿಗೆ ನಾನು ತೋರಿಸುವುದು ಇದನ್ನೇ.

ಆಮೇಲೆ ಕೋವಿಡ್ ಬಂತು, ಗ್ಯಾಲರಿಗಳು ಬರಿದಾದವು. 2020ರ ಮಾರ್ಚ್ 11ರ ರಾತ್ರಿ ಓಕ್ಲಹೋಮ ಸಿಟಿಯಲ್ಲಿ ವೃತ್ತಿಪರ ಬಾಸ್ಕೆಟ್‌ಬಾಲ್ ಪಂದ್ಯವೊಂದು ಶುರುವಾಗಬೇಕಿದ್ದ ಕ್ಷಣದಲ್ಲಿ ನಿಂತಿತು. ಯೂಟಾ ತಂಡದ ರೂಡಿ ಗೋಬೇರ್‌ಗೆ ಸೋಂಕು ತಗುಲಿದ ಸುದ್ದಿ ಬಂದಿತ್ತು. ಅದೇ ರಾತ್ರಿ ಇಡೀ ಎನ್‌ಬಿಎ ನಿಂತಿತು. ಮರುದಿನ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕಾಲೇಜು ಪಂದ್ಯವೊಂದು ಅರ್ಧದಲ್ಲಿ ಮುಗಿಯಿತು. ವಿರಾಮಕ್ಕೆ ಒಳಗೆ ಹೋದ ಹುಡುಗರು ಮತ್ತೆ ಹೊರಗೆ ಬರಲಿಲ್ಲ. ಸಂಜೆಯ ಹೊತ್ತಿಗೆ ಎನ್‌ಸಿಎಎ, ಎಂದರೆ ಇಲ್ಲಿನ ಕಾಲೇಜು ಕ್ರೀಡೆಯನ್ನು ನಡೆಸುವ ಸಂಸ್ಥೆ, ತನ್ನ ರಾಷ್ಟ್ರೀಯ ಟೂರ್ನಿಗಳನ್ನು ರದ್ದುಮಾಡಿತು. 1939ರಲ್ಲಿ ಶುರುವಾದ ಪುರುಷರ ಬಾಸ್ಕೆಟ್‌ಬಾಲ್ ಟೂರ್ನಿ ಮಹಾಯುದ್ಧದ ವರ್ಷಗಳಲ್ಲೂ ನಿಂತಿರಲಿಲ್ಲ. ಒಹಾಯೋದ ಡೇಟನ್ ಎಂಬ ಸಣ್ಣ ವಿಶ್ವವಿದ್ಯಾಲಯ ಆ ವರ್ಷ 31 ಪಂದ್ಯಗಳಲ್ಲಿ 29 ಗೆದ್ದು ಕಾಯುತ್ತಿತ್ತು. ಒರೆಗಾನ್‌ನ ಆಟಗಾರ್ತಿ ಸಬ್ರಿನಾ ಅಯೊನೆಸ್ಕು ಹಿಂದಿನ ವರ್ಷ ಕೈತಪ್ಪಿದ ಪ್ರಶಸ್ತಿಗಾಗಿಯೇ ವೃತ್ತಿಪರ ಲೀಗಿಗೆ ಹೋಗದೆ ಕಾಲೇಜಿನಲ್ಲಿ ಉಳಿದಿದ್ದಳು. ಅವರಿಗೆ ಆ ಮಾರ್ಚ್ ಮರಳಿ ಬರಲಿಲ್ಲ.

ಅದೇ ವಾರ ರಾಜ್‌ಕೋಟ್‌ನಲ್ಲಿ ರಣಜಿ ಫೈನಲ್ ನಡೆದಿತ್ತು. ಕರ್ನಾಟಕ ಸೆಮಿಫೈನಲ್‌ನಲ್ಲಿ ಬಂಗಾಳಕ್ಕೆ ಸೋತಿದ್ದರಿಂದ ನನಗೆ ಅರ್ಧ ಆಸಕ್ತಿ ಮಾತ್ರ ಉಳಿದಿತ್ತು. ಸೌರಾಷ್ಟ್ರ ತನ್ನ ಮೊದಲ ರಣಜಿ ಪ್ರಶಸ್ತಿಯನ್ನು ಎತ್ತಿಹಿಡಿದ ಕೊನೆಯ ದಿನ ಗ್ಯಾಲರಿಗೆ ಪ್ರೇಕ್ಷಕರನ್ನು ಬಿಡಲಿಲ್ಲ ಎಂಬುದನ್ನು ಮಾತ್ರ ಓದಿ ಮನಸ್ಸಿಗೆ ಕಷ್ಟವಾಯಿತು.

ಆ ಬೇಸಿಗೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಆಟವಿಲ್ಲದೆ ಬದುಕುವುದು ಅಭ್ಯಾಸವಾಗಿಬಿಟ್ಟರೆ? ಜನ ಹಳೆಯ ಪಂದ್ಯಗಳ ಮರುಪ್ರಸಾರ ನೋಡಿದರು. ಮೈಕೆಲ್ ಜೋರ್ಡನ್ ಕುರಿತ ಸಾಕ್ಷ್ಯಚಿತ್ರ ಸರಣಿಗೆ ಭಾನುವಾರದವರೆಗೆ ಕಾದರು. ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದ ಬೇಸ್‌ಬಾಲ್ ಶುರುವಾದಾಗ ಇಲ್ಲಿನವರು ಹೊತ್ತು ಮೂಡುವ ಮೊದಲೇ ಎದ್ದು, ಹೆಸರೇ ಕೇಳಿರದ ತಂಡಗಳಿಗೆ ಜೈ ಎಂದರು. ಆಮೇಲೆ ಜರ್ಮನಿಯ ಬುಂಡೆಸ್‌ಲೀಗಾ ಖಾಲಿ ಕ್ರೀಡಾಂಗಣಗಳಲ್ಲಿ ಮತ್ತೆ ಆರಂಭವಾಯಿತು. ಟಿವಿಯಲ್ಲಿ ಚೆಂಡಿಗೆ ಕಾಲು ತಗುಲುವ ಸದ್ದು, ಆಟಗಾರರ ಕೂಗಾಟ ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಪ್ರಸಾರದವರು ಅದರ ಮೇಲೆ ಧ್ವನಿಮುದ್ರಿತ ಜನಘೋಷ ಹೊದಿಸಿದರು. ಕುರ್ಚಿಗಳ ಮೇಲೆ ರಟ್ಟಿನ ಮುಖಗಳು ಬಂದವು. ಆ ತಿಂಗಳುಗಳಲ್ಲಿ ಹೊರಬಿದ್ದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಪ್ರೇಕ್ಷಕರಿಲ್ಲದಾಗ ಜರ್ಮನಿಯಲ್ಲಿ ತವರಿನ ತಂಡಗಳ ಗೆಲುವು ಕಡಿಮೆಯಾಯಿತು. ರೆಫರಿಗಳು ಹೊರಗಿನಿಂದ ಬಂದ ತಂಡಕ್ಕೆ ತೋರಿಸುತ್ತಿದ್ದ ಹಳದಿ ಕಾರ್ಡುಗಳೂ ಇಳಿದವು. ತಾನು ಕೂಗಿದ್ದರಿಂದಲೇ ಗೆದ್ದೆವು ಎಂದು ಗ್ಯಾಲರಿಯ ಮನುಷ್ಯ ನಂಬಿಕೊಂಡು ಬಂದದ್ದರಲ್ಲಿ ಸತ್ಯ ಇತ್ತು.

ಆಗಸ್ಟ್ 11ರಂದು ಅಯೋವಾ ಕೂಡ ಸೇರಿರುವ, ವಿಶ್ವವಿದ್ಯಾಲಯಗಳ ಬಿಗ್ ಟೆನ್ ಕ್ರೀಡಾ ಒಕ್ಕೂಟ ಆ ಋತುವಿನ ಫುಟ್‌ಬಾಲನ್ನು ಮುಂದೂಡಿತು. ಹತ್ತು ದಿನಗಳ ಬಳಿಕ ನಮ್ಮ ವಿಶ್ವವಿದ್ಯಾಲಯ ನಾಲ್ಕು ತಂಡಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಪುರುಷರ ಈಜು, ಮಹಿಳೆಯರ ಈಜು, ಪುರುಷರ ಜಿಮ್ನಾಸ್ಟಿಕ್ಸ್, ಪುರುಷರ ಟೆನಿಸ್. ಫುಟ್‌ಬಾಲ್ ಇಲ್ಲದೆ ಸುಮಾರು 10 ಕೋಟಿ ಡಾಲರ್ ಆದಾಯ ನಷ್ಟವಾಗುತ್ತದೆ ಎಂಬುದು ಕಾರಣ.

ಇದು ಕನ್ನಡದ ಓದುಗರಿಗೆ ವಿಚಿತ್ರವಾಗಿ ಕಾಣಬಹುದು. ಅಮೆರಿಕದಲ್ಲಿ ಒಲಿಂಪಿಕ್ಸ್‌ಗೆ ಆಟಗಾರರನ್ನು ತಯಾರುಮಾಡುವ ಕೆಲಸ ಬಹುಪಾಲು ವಿಶ್ವವಿದ್ಯಾಲಯಗಳದ್ದು, ಸರ್ಕಾರದ್ದಲ್ಲ. ಅಲ್ಲಿ ಫುಟ್‌ಬಾಲ್ ಮತ್ತು ಪುರುಷರ ಬಾಸ್ಕೆಟ್‌ಬಾಲ್ ದುಡಿಯುತ್ತವೆ, ಮಿಕ್ಕವು ಆ ದುಡಿಮೆಯಲ್ಲಿ ಬದುಕುತ್ತವೆ. ಟಿಕೆಟ್, ದೇಣಿಗೆ, ಟಿವಿ ಹಕ್ಕು, ಎಲ್ಲ ಶನಿವಾರದ ಜನಸಾಗರದಿಂದ ಹುಟ್ಟುವ ಹಣ. ನಮ್ಮ ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡಿ 2007 ಮತ್ತು 2008ರಲ್ಲಿ ಕಾಲೇಜು ಟೆನಿಸ್ ಚಾಂಪಿಯನ್ ಆದದ್ದು, ತೇಜಸ್ವಿನ್ ಶಂಕರ್ ಕ್ಯಾನ್ಸಸ್ ಸ್ಟೇಟ್ ಪರ ಎತ್ತರ ಜಿಗಿತ ಗೆದ್ದದ್ದು ಇಂಥದೇ ವ್ಯವಸ್ಥೆಯಲ್ಲಿ. ಯಾರೋ ಅಪರಿಚಿತ ಅಜ್ಜ ಕೊಂಡ ಫುಟ್‌ಬಾಲ್ ಟಿಕೆಟ್ಟಿನ ಒಂದು ಪಾಲು ಭಾರತದಿಂದ ಬಂದ ಹುಡುಗನ ರ‍್ಯಾಕೆಟ್ಟಿಗೆ ದಾರವಾಗುತ್ತದೆ.

ಈಜಿನ ಸುದ್ದಿ ನನ್ನನ್ನು ಹೆಚ್ಚು ಕಲಕಿತು. 1930ರ ದಶಕದಲ್ಲಿ ತರಬೇತುದಾರ ಡೇವಿಡ್ ಆರ್ಮ್‌ಬ್ರಸ್ಟರ್ ಮತ್ತು ಈಜುಗಾರ ಜಾಕ್ ಸೀಗ್ ಬಟರ್‌ಫ್ಲೈ ಶೈಲಿಗೆ ರೂಪ ಕೊಟ್ಟದ್ದು ಇದೇ ವಿಶ್ವವಿದ್ಯಾಲಯದ ಕೊಳದಲ್ಲಿ. ಬೆಂಗಳೂರಿನ ಬಸವನಗುಡಿಯ ಈಜುಕೊಳದಲ್ಲಿ ಇಂದು ಮಗುವೊಂದು ಎರಡು ಕೈಗಳನ್ನೂ ಒಟ್ಟಿಗೆ ನೀರಿನ ಮೇಲೆ ಬೀಸಿ ಕಲಿಯುವ ಚಲನೆಗೂ ಈ ಊರಿಗೂ ನಂಟಿದೆ. ಆ ಕೊಳದ ತಂಡವನ್ನು ಒಂದು ಪತ್ರದಲ್ಲಿ ಮುಗಿಸಲು ಸಾಧ್ಯವಾಯಿತು. ಏಕೆಂದರೆ ಅದಕ್ಕೆ ಗಲಾಟೆ ಮಾಡುವ ಗ್ಯಾಲರಿ ಇರಲಿಲ್ಲ.

ಆಗ ನನಗೆ ಮೈಸೂರಿನ ದಿನಗಳು ನೆನಪಾದವು. ಅಂತರ್ ಕಾಲೇಜು ಕ್ರೀಡಾಕೂಟಗಳು ಪೆವಿಲಿಯನ್ ಮೈದಾನದಲ್ಲಿ ನಡೆಯುತ್ತಿದ್ದವು. ಓಡುವವರ ಗೆಳತಿಯರು, ದೈಹಿಕ ಶಿಕ್ಷಣದ ಮೇಷ್ಟ್ರು, ದಾರಿಯಲ್ಲಿ ಹೋಗುತ್ತ ನಿಂತ ನಾಲ್ಕು ಜನ. ಅಷ್ಟೇ ಪ್ರೇಕ್ಷಕರು. ಖಾಲಿ ಗ್ಯಾಲರಿ ನಮಗೆ ಸಾಂಕ್ರಾಮಿಕ ತಂದ ವಿಚಿತ್ರವೇನೂ ಆಗಿರಲಿಲ್ಲ. ಬಹುಪಾಲು ಆಟಗಳು ಪ್ರಪಂಚದಲ್ಲೆಲ್ಲ ಹಾಗೆಯೇ ನಡೆಯುತ್ತವೆ. 2020ರ ಆ ಋತು ಫುಟ್‌ಬಾಲ್ ಹುಡುಗರಿಗೆ, ಈಜುವವರು ಮತ್ತು ಜಿಮ್ನಾಸ್ಟ್‌ಗಳು ವರ್ಷವಿಡೀ ಏನನ್ನು ಕಾಣುತ್ತಾರೋ ಅದನ್ನು ತೋರಿಸಿತು. ಸೆಪ್ಟೆಂಬರ್‌ನಲ್ಲಿ ಬಿಗ್ ಟೆನ್ ಮನಸ್ಸು ಬದಲಿಸಿ ಅಕ್ಟೋಬರ್‌ನಿಂದ ಆಡಿಸಿದಾಗ ಆಟಗಾರರ ಮನೆಯವರನ್ನು ಬಿಟ್ಟು ಸಾರ್ವಜನಿಕರಿಗೆ ಟಿಕೆಟ್ ಇರಲಿಲ್ಲ. ಕಿನ್ನಿಕ್‌ನಲ್ಲಿ ಮೊದಲ ಕಾಲುಭಾಗ ಮುಗಿದಾಗ ಆಟಗಾರರೇ ಆಸ್ಪತ್ರೆಯ ಕಡೆ ತಿರುಗಿ ಕೈಬೀಸಿದರು.

ಫುಟ್‌ಬಾಲ್ ಮರಳಿ ಬಂತು, ಟಿವಿಯ ಹಣವೂ ಬಂತು. ಮುಚ್ಚುವ ನಿರ್ಧಾರ ಮಾತ್ರ ತಾನಾಗಿ ಮರಳಲಿಲ್ಲ. ಈಜುವ ಹುಡುಗಿಯರು ನ್ಯಾಯಾಲಯಕ್ಕೆ ಹೋದರು. ಶಿಕ್ಷಣದಲ್ಲಿ ಲಿಂಗತಾರತಮ್ಯ ಸಲ್ಲದೆಂಬ 1972ರ ಕಾಯ್ದೆ ಅವರ ಕೈಯಲ್ಲಿತ್ತು. ಡಿಸೆಂಬರ್‌ನಲ್ಲಿ ತಡೆಯಾಜ್ಞೆ ಸಿಕ್ಕಿತು. 2021ರ ಫೆಬ್ರುವರಿಯಲ್ಲಿ ಮಹಿಳೆಯರ ಈಜು ತಂಡ ಉಳಿಯಿತು. ಪ್ರಕರಣ ರಾಜಿಯಲ್ಲಿ ಮುಗಿಯುವ ಹೊತ್ತಿಗೆ ಹೊಸದಾಗಿ ಮಹಿಳಾ ಕುಸ್ತಿ ತಂಡವೂ ಘೋಷಣೆಯಾಗಿತ್ತು. ಆ ತಂಡ 2024ರಲ್ಲಿ ತನ್ನ ಮೊದಲ ಋತುವಿನಲ್ಲೇ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಪುರುಷರ ಈಜು, ಟೆನಿಸ್, ಜಿಮ್ನಾಸ್ಟಿಕ್ಸ್‌ಗೆ ಅಂಥ ಕಾನೂನಿನ ಆಸರೆ ಇರಲಿಲ್ಲ. ಅವು ಹೋದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವೂ ತನ್ನ 36 ತಂಡಗಳಲ್ಲಿ 11ನ್ನು ಮುಚ್ಚುತ್ತೇನೆ ಎಂದಿತ್ತು. ಅಲ್ಲಿನ ಕುಸ್ತಿಪಟು ಶೇನ್ ಗ್ರಿಫಿತ್ 2021ರ ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯದ ಹೆಸರೇ ಇಲ್ಲದ ಕಪ್ಪು ಉಡುಪಿನಲ್ಲಿ ಅಖಾಡಕ್ಕಿಳಿದು ರಾಷ್ಟ್ರೀಯ ಚಾಂಪಿಯನ್ ಆದ. ಮೇ ತಿಂಗಳಲ್ಲಿ ಸ್ಟ್ಯಾನ್‌ಫರ್ಡ್ ಹನ್ನೊಂದೂ ತಂಡಗಳನ್ನು ಉಳಿಸಿಕೊಂಡಿತು. ಅಲ್ಲಿ ಹಳೆಯ ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ. ಸದ್ದು ಮಾಡುವವರು ಇದ್ದ ಆಟ ಉಳಿಯಿತು.

ಭಾರತದಲ್ಲೂ ಆದದ್ದು ಇದೇ. ಐಪಿಎಲ್ 2020ರ ಸೆಪ್ಟೆಂಬರ್‌ನಲ್ಲಿ ಅರಬ್ ಎಮಿರೇಟ್ಸ್‌ಗೆ ಹಾರಿ ಖಾಲಿ ಕ್ರೀಡಾಂಗಣಗಳಲ್ಲಿ ಸಾಂಗವಾಗಿ ನಡೆಯಿತು. 1934ರಲ್ಲಿ ಶುರುವಾದ ರಣಜಿ ಟ್ರೋಫಿ ಮೊದಲ ಬಾರಿಗೆ ಒಂದು ಋತುವಿನ ಮಟ್ಟಿಗೆ ಪೂರ್ತಿ ರದ್ದಾಯಿತು. ಪಂದ್ಯದ ಸಂಭಾವನೆಯನ್ನೇ ನಂಬಿದ್ದ ಆಟಗಾರರಿಗೆ ಅದರ ಅರ್ಧದಷ್ಟು ಪರಿಹಾರ ಘೋಷಣೆಯಾದದ್ದು 2021ರ ಸೆಪ್ಟೆಂಬರ್‌ನಲ್ಲಿ. ಭುವನೇಶ್ವರದಲ್ಲಿ 2020ರ ಮಾರ್ಚ್ 1ರಂದು ಮುಗಿದ ಮೊದಲ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಎರಡನೆಯ ಆವೃತ್ತಿ ಬೆಂಗಳೂರಿಗೆ ಬರಲು 2022ರ ಏಪ್ರಿಲ್ ಆಗಬೇಕಾಯಿತು. ಕಾಲೇಜಿನ ಮೂರೇ ವರ್ಷದಲ್ಲಿ ಎರಡು ವರ್ಷ ಕಳೆದುಕೊಂಡ ಓಟಗಾರ್ತಿಯ ನಷ್ಟವನ್ನು ಯಾರೂ ಬರೆದಿಡುವುದಿಲ್ಲ. ಅಮೆರಿಕದಲ್ಲಿ ಕನಿಷ್ಠ ಒಂದು ವರ್ಷ ಹೆಚ್ಚು ಆಡುವ ಅವಕಾಶ ಕೊಟ್ಟರು. ಅದು ನ್ಯಾಯವಾದ ಕೆಲಸ.

ಪ್ರೇಕ್ಷಕರ ಅಭ್ಯಾಸ ಬದಲಾಗಲಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಾಸ್ಕೆಟ್‌ಬಾಲ್ ಆಟಗಾರ್ತಿ ಕೈಟ್ಲಿನ್ ಕ್ಲಾರ್ಕ್ ಅಯೋವಾ ಪರ ಆಡಲು ಶುರುಮಾಡಿದ್ದು 2020ರ ಚಳಿಗಾಲದಲ್ಲಿ, ಕಾರ್ವರ್-ಹಾಕೈ ಒಳಾಂಗಣ ಹೆಚ್ಚುಕಡಿಮೆ ಬರಿದಾಗಿದ್ದಾಗ. ಆ ಋತುವಿನ ರಾಷ್ಟ್ರೀಯ ಟೂರ್ನಿಯ ಪುರುಷರನ್ನೆಲ್ಲ ಇಂಡಿಯಾನಾದಲ್ಲಿ, ಮಹಿಳೆಯರನ್ನೆಲ್ಲ ಟೆಕ್ಸಸ್‌ನಲ್ಲಿ ಒಂದೆಡೆ ಸೇರಿಸಿ ಆಡಿಸಿದರು. ಒರೆಗಾನ್‌ನ ಆಟಗಾರ್ತಿ ಸೆಡೋನಾ ಪ್ರಿನ್ಸ್ ಫೋನ್ ಹಿಡಿದು ತೋರಿಸಿದಳು: ಹುಡುಗರಿಗೆ ವಿಶಾಲ ವ್ಯಾಯಾಮಶಾಲೆ, ಹುಡುಗಿಯರಿಗೆ ಡಂಬೆಲ್‌ಗಳ ಒಂದೇ ಒಂದು ಸ್ಟ್ಯಾಂಡ್. ಹುಡುಗರೆಲ್ಲ ಒಂದು ಕಡೆ, ಹುಡುಗಿಯರೆಲ್ಲ ಇನ್ನೊಂದು ಕಡೆ ಇದ್ದದ್ದರಿಂದಲೇ ಆ ವ್ಯತ್ಯಾಸ ಅಷ್ಟು ನಿಚ್ಚಳವಾಗಿ ಕಂಡಿತು. ಮುಂದೆ ನಡೆದದ್ದನ್ನು ನಾನು ಊರಲ್ಲಿದ್ದೇ ನೋಡಿದೆ. 2023ರ ಅಕ್ಟೋಬರ್ 15ರಂದು ಫುಟ್‌ಬಾಲ್ ಮೈದಾನ ಕಿನ್ನಿಕ್‌ನಲ್ಲೇ ಬಯಲಲ್ಲಿ ಮಹಿಳೆಯರ ಬಾಸ್ಕೆಟ್‌ಬಾಲ್ ಆಡಿಸಿದರು. 55,646 ಜನ ಸೇರಿದರು. 2024ರ ಮಹಿಳೆಯರ ಫೈನಲನ್ನು ಸರಾಸರಿ 1 ಕೋಟಿ 89 ಲಕ್ಷ ಜನ ನೋಡಿದರು. ಪುರುಷರ ಫೈನಲ್ ನೋಡಿದವರು 1 ಕೋಟಿ 48 ಲಕ್ಷ. ಎಂದೂ ಮಹಿಳೆಯರ ಆಟಕ್ಕೆ ಹೋಗಿರದ ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದದ್ದನ್ನು ಕಂಡೆ. ನೋಡಲು ಸಿಕ್ಕರೆ ಜನ ನೋಡುತ್ತಾರೆ.

ಬದಲಾದದ್ದರಲ್ಲಿ ಎಲ್ಲವೂ ಒಳ್ಳೆಯದಲ್ಲ. ಅಯೋವಾದಲ್ಲಿ ಪಂದ್ಯಗಳ ಮೇಲಿನ ಬೆಟ್ಟಿಂಗ್ 2019ರಲ್ಲೇ ಕಾನೂನುಬದ್ಧವಾಗಿತ್ತು. ಆದರೆ ಹೆಸರು ನೋಂದಾಯಿಸಲು ಕ್ಯಾಸಿನೊಗೇ ಹೋಗಬೇಕೆಂಬ ನಿಯಮ 2021ರ ಜನವರಿಯಲ್ಲಿ ಹೋಯಿತು. ಮನೆಯಲ್ಲೇ ಕುಳಿತ ಜನರ ಕೈಗೆ ಫೋನಿನಲ್ಲೇ ಅದು ಬಂತು. ಈಗ ಪಕ್ಕದ ಸೀಟಿನ ಹುಡುಗ ಸ್ಕೋರ್‌ಬೋರ್ಡ್ ಬಿಟ್ಟು ಬೆರಳ ತುದಿಯಲ್ಲಿ ಬೇರೇನೋ ಲೆಕ್ಕ ನೋಡುತ್ತಿರುವುದು ನನಗೆ ಸಂಕಟ ತರುತ್ತದೆ. ಇನ್ನೊಂದು ಬದಲಾವಣೆ ನ್ಯಾಯವಾದದ್ದು, ಬಹಳ ಹಿಂದೆಯೇ ಆಗಬೇಕಿದ್ದದ್ದು. ತರಗತಿಗಳು ಬಾಗಿಲು ಮುಚ್ಚಿದ್ದಾಗಲೂ ಟಿವಿಗಾಗಿ ಮೈದಾನಕ್ಕಿಳಿದ ಹುಡುಗರನ್ನು ಬರೀ ವಿದ್ಯಾರ್ಥಿಗಳೆಂದು ಕರೆಯುವುದು ಕಷ್ಟವಾಯಿತು. 2021ರ ಜುಲೈನಿಂದ ಅವರು ತಮ್ಮ ಹೆಸರು, ಚಿತ್ರದಿಂದ ಗಳಿಸಬಹುದಾಯಿತು. 2025ರ ಜೂನ್‌ನಲ್ಲಿ ಒಪ್ಪಿಗೆಯಾದ ಮೊಕದ್ದಮೆಯ ರಾಜಿಯ ಪ್ರಕಾರ ವಿಶ್ವವಿದ್ಯಾಲಯವೊಂದು ಮೊದಲ ವರ್ಷ ಸುಮಾರು 2 ಕೋಟಿ ಡಾಲರನ್ನು ನೇರವಾಗಿ ಆಟಗಾರರಿಗೆ ಹಂಚಬಹುದಾಯಿತು. ಬೆವರಿಗೆ ಕೂಲಿ ಸಿಗಲಿ. ಆದರೆ ಆ ಹಣದ ಬಹುಪಾಲು ಫುಟ್‌ಬಾಲಿಗೇ ಹೋಗುವಾಗ, ಉಳಿದ ತಂಡಗಳ ಹೆಸರು ಮತ್ತೆ ಅದೇ ಮುಚ್ಚುವ ಪಟ್ಟಿಯ ಹತ್ತಿರ ಬರುತ್ತದೆ.

ನಮ್ಮ ಬೀದಿಯ ಹಿರಿಯರೊಬ್ಬರು, ನಿವೃತ್ತ ಅಂಚೆ ನೌಕರರು, ದಶಕಗಳಿಂದ ಕಿನ್ನಿಕ್‌ನ ಸೀಸನ್ ಟಿಕೆಟ್ ಇಟ್ಟುಕೊಂಡವರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪುರುಷ ಜಿಮ್ನಾಸ್ಟ್‌ಗಳು 2008ರ ಬಳಿಕ ಮೊದಲ ಸಲ ತಂಡದ ಪದಕ ಗೆದ್ದಾಗ ಅವರಿಗೆ ಹಿಗ್ಗೋ ಹಿಗ್ಗು. ಆ ಐವರೂ ಕಾಲೇಜು ತಂಡಗಳಲ್ಲಿ ಪಳಗಿದವರು, ಸ್ಟ್ಯಾನ್‌ಫರ್ಡ್, ಮಿಷಿಗನ್, ಪೆನ್ ಸ್ಟೇಟ್. ನಮ್ಮಲ್ಲಿ ಆ ತಂಡವೇ ಈಗ ಇಲ್ಲವಲ್ಲ ಎಂದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: “ನನ್ನ ಟಿಕೆಟ್ ಹಣದಲ್ಲಿ ಯಾವ ಯಾವ ತಂಡಕ್ಕೆ ಎಷ್ಟು ಹೋಗುತ್ತೆ ಅಂತ ಟಿಕೆಟ್ ಮೇಲೇ ಅಚ್ಚುಹಾಕಲಿ. ಐದು ಡಾಲರ್ ಹೆಚ್ಚು ಕೊಡಿ ಅಂದರೆ ಕೊಡ್ತೀನಿ. ನಮ್ಮನ್ನು ಯಾರೂ ಕೇಳಲೇ ಇಲ್ಲ.” ಇಬ್ಬರೂ ಕೂಡಿ ಕ್ರೀಡಾ ವಿಭಾಗಕ್ಕೆ ಅದನ್ನೇ ಬರೆದೆವು. ಸಹಿಗೆ ಅವರು ತಮ್ಮ ಸಾಲಿನಲ್ಲಿ ಕೂರುವವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದಾರೆ.